78 ಡಾಕ್ಟರುಗಳ ಸಾಕ್ಷಿ

ಪುಣೆಯ ಡಾ. ಅರುಣ್ ಗದ್ರೆ ಮತ್ತು ಡಾ. ಅಭಯ್ ಶುಕ್ಲಾ ಬರೆದ 'ಡಿಸೆಂಟಿಂಗ್ ಡಯಾಗ್ನೋಸಿಸ್' 2016ರಲ್ಲಿ ಬಂದ ಪುಸ್ತಕ. ಗದ್ರೆ ನಾಸಿಕ್ ಜಿಲ್ಲೆಯ ಲಾಸಲಗಾಂವದಲ್ಲಿ ಎಷ್ಟೋ ವರ್ಷ ಹೆರಿಗೆ ಡಾಕ್ಟರಾಗಿದ್ದವರು, ಮರಾಠಿ ಕಾದಂಬರಿಕಾರರೂ ಹೌದು. ಶುಕ್ಲಾ ಇಲ್ಲಿಯ 'ಸಾಥಿ' ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸ ಮಾಡಿದವರು. 78 ಡಾಕ್ಟರುಗಳ ಜೊತೆಗಿನ ಮಾತುಕತೆಯೇ ಪುಸ್ತಕದ ಬಂಡವಾಳ.

ಅವರು ಹೇಳುವುದು ನಮಗೆಲ್ಲ ಮೊದಲೇ ಅನುಮಾನವಿದ್ದದ್ದು. ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಸಿಗುವ 'ಕಟ್', ಔಷಧ ಕಂಪನಿಗಳ ಉಡುಗೊರೆ, ತೆಗೆದ ರಕ್ತವನ್ನು ಸಿಂಕಿಗೆ ಸುರಿದು ಸುಮ್ಮನೆ ರಿಪೋರ್ಟು ಬರೆದುಕೊಡುವ 'ಸಿಂಕ್ ಟೆಸ್ಟ್'. ಆದರೆ ಒಳಗಿನವರ ಬಾಯಿಂದಲೇ ಕೇಳುವಾಗ ಅದರ ತೂಕ ಬೇರೆ. ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಸರ್ಜನ್‌ಗಳಿಗೆ 'ಕನ್ವರ್ಶನ್ ರೇಟ್' ಕೇಳುತ್ತಾರಂತೆ: ನೋಡಿದ ರೋಗಿಗಳಲ್ಲಿ ಎಷ್ಟು ಜನರನ್ನು ಆಪರೇಷನ್ನಿಗೆ ಒಪ್ಪಿಸಿದಿರಿ? ನಮ್ಮ ಪ್ರತಿ ತಿಂಗಳ ರಿವ್ಯೂ ಮೀಟಿಂಗಿನಲ್ಲಿ ಓಡಾಡುವ ಪದ ಅದು. ಅಲ್ಲಿಗೆ ಬಂದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ನನ್ನ ತಕರಾರೆಂದರೆ, ಇಲ್ಲಿ ನೀತಿ ಬಹುಪಾಲು ದುಡ್ಡಿನ ನೀತಿ. ಕಟ್ ಮುಟ್ಟದವರು ಒಳ್ಳೆಯವರು. ಕಮಿಷನ್ ಕೂಡದೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲೇ ಇದೆ, ಕಂಪನಿಗಳ ಉಡುಗೊರೆ ಕೂಡದೆಂದು 2009ರಲ್ಲಿ ಸೇರಿಸಿದರು. ಅಂದರೆ ಇದು ಗೊತ್ತಿದ್ದೂ ಮಾಡುವ ತಪ್ಪು. ತಪ್ಪೆಂದೇ ಅನ್ನಿಸದೆ ನಡೆಯುವುದು ಇನ್ನೊಂದಿದೆ, ಅದು ಒಪ್ಪಿಗೆಯ ವಿಷಯ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಮಲಗಿಸಿದ್ದ ಹೆಂಗಸಿನ ಗರ್ಭಕೋಶ, ಅಂಡಾಶಯಗಳನ್ನು ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ಡಾಕ್ಟರು ಸದುದ್ದೇಶದಿಂದಲೇ ಮಾಡಿದರೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಪ್ರಾಣಾಪಾಯವಿಲ್ಲದಾಗ ಬೇರೆಯವರ ಒಪ್ಪಿಗೆ ನಡೆಯದೆಂದು ಹೇಳಿ, ಫೀಸನ್ನೂ ಬಿಡಿಸಿ 25,000 ರೂಪಾಯಿ ಪರಿಹಾರ ಕೊಡಿಸಿತು.

ಹೋದ ವರ್ಷ ಅವ್ವನನ್ನು ವಿಜಯಪುರದಿಂದ ಕರೆತಂದು ಇಲ್ಲೇ ಪಿತ್ತಕೋಶದ ಆಪರೇಷನ್ ಮಾಡಿಸಿದೆವು. ಸರ್ಜನ್ ಪ್ರಾಮಾಣಿಕರು, ಬೇಡದ ಒಂದು ಸ್ಕ್ಯಾನನ್ನೂ ಬರೆದುಕೊಡಲಿಲ್ಲ. ಆದರೆ ಹೇಳಿದ್ದೆಲ್ಲ ನನಗೆ, ಇಂಗ್ಲಿಷಿನಲ್ಲಿ. ಅವ್ವ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತ ಕೂತಿದ್ದಳು. ಕನ್ನಡದಲ್ಲಿ ಹೇಳಲು ಹೋದರೆ, ಸುಮ್ಮನೆ ಗಾಬರಿಯಾಗುತ್ತಾರೆ ಬಿಡಿ ಎಂದರು. ಮರಾಠಿ, ಇಂಗ್ಲಿಷಿನ ಫಾರಮ್ಮಿಗೆ ಅವಳ ಸಹಿ ಬಿತ್ತು. ರಾತ್ರಿ ಕೇಳಿದಳು, "ಒಳಗಿಂದು ಏನ್ ತಗೀತಾರೋ ತಮ್ಮಾ?"

ಈ ಸರ್ಜನ್‌ಗೆ ಪುಸ್ತಕದ 78 ಮಂದಿಯೂ ಪೂರ್ತಿ ಅಂಕ ಕೊಟ್ಟಾರು. ಲೇಖಕರು ಹುಡುಕಿಕೊಂಡು ಹೋದದ್ದು ಮನಸ್ಸಾಕ್ಷಿ ಚುಚ್ಚಿದವರನ್ನು, ಅದು ಸರಿಯೇ. ಚುಚ್ಚದವರು ತಮಗೆ ತಾವು ಏನು ಹೇಳಿಕೊಳ್ಳುತ್ತಾರೆ? ಸೀಟಿಗೆ ಸುರಿದ ದುಡ್ಡಿನ ಲೆಕ್ಕವನ್ನೇ? ಪುಸ್ತಕ ಅವರ ಬಾಗಿಲು ತಟ್ಟುವುದಿಲ್ಲ. ಕಾದಂಬರಿಕಾರ ಗದ್ರೆಯವರಿಗೆ ಆ ಮನೆಯೊಳಗೆ ಹೋಗುವ ದಾರಿ ಗೊತ್ತಿದ್ದೀತು.