ಮನೆಯಲ್ಲೇ ಅಜ್ಞಾತವಾಸ

ಶ್ರೀ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಪ್ರಕಟವಾದದ್ದು 2013ರಲ್ಲಿ. ಸಲಿಂಗಪ್ರೇಮಿಯೊಬ್ಬನ ಅಂತರಂಗವನ್ನು ಇಷ್ಟು ನೇರವಾಗಿ ತೆರೆದಿಟ್ಟ ಕೃತಿ ಕನ್ನಡದಲ್ಲಿ ವಿರಳ. ಅದರ ಧೈರ್ಯವನ್ನು ಕುರಿತು ಬೇಕಾದಷ್ಟು ಮಾತಾಗಿದೆ. ಕೊರೊನಾ ಪಿಡುಗಿನ ದಿನಗಳನ್ನು ಕಂಡ ಮೇಲೆ ಅದನ್ನು ಮತ್ತೊಮ್ಮೆ ಓದಿದಾಗ ನನ್ನನ್ನು ಕಾಡಿದ ಪ್ರಶ್ನೆ ಬೇರೆ: ಇಂಥವನಿಗೆ ಮನೆ ಎಂದರೆ ಏನು?

ಜೊತೆಗಾರ ಕಾರ್ತಿಕ ಮದುವೆಗೆ ಸಿದ್ಧನಾದಾಗ ಮೋಹನಸ್ವಾಮಿ ಪಡುವ ಸಂಕಟವನ್ನು ಬರಿಯ ವಿರಹವೆಂದು ಓದುವುದು ಸರಿಯಲ್ಲ. ದುಃಖಿಸುವುದಕ್ಕೂ ಅವನಿಗೆ ಅಧಿಕಾರವಿಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ನೆಂಟರಿಷ್ಟರು ಹೇಳುವ ಸಮಾಧಾನದ ಮಾತು ಅವನ ಪಾಲಿಗಿಲ್ಲ. ಮಹಾನಗರದ ಅಪರಿಚಿತತೆಯೊಂದೇ ಇಂಥವರಿಗೆ ಆಸರೆ.

ಆ ಆಸರೆ 2020ರಲ್ಲಿ ತಪ್ಪಿತು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಮನೆಯಲ್ಲಿದ್ದರೆ ಕ್ಷೇಮ ಎಂಬುದು ಆಗಿನ ಮಂತ್ರ. ಕೆಲಸ ಹೋದವರೂ ಕಚೇರಿಯ ಕೆಲಸವನ್ನು ಮನೆಗೇ ತಂದುಕೊಂಡವರೂ ಹುಟ್ಟೂರಿಗೆ ಮರಳಿದರು. ಅವರ ನಡುವೆ ಮೋಹನಸ್ವಾಮಿಗಳೂ ಇದ್ದರಷ್ಟೆ? ಪಾಂಡವರ ಅಜ್ಞಾತವಾಸಕ್ಕೆ ಒಂದು ವರ್ಷದ ಗಡುವಿತ್ತು. ಗುಟ್ಟು ಬಲ್ಲವರು ಆರು ಮಂದಿ ಜೊತೆಗಿದ್ದರು. ವೇಷ ಹಾಕಿದ್ದು ಪರರ ಎದುರಿಗೆ. ಇವರ ವೇಷ ಹೆತ್ತ ತಾಯಿಯ ಎದುರಿಗೆ, ಅದೂ ಒಬ್ಬಂಟಿಯಾಗಿ. ಫೋನಿನಲ್ಲಿ ದನಿ ತಗ್ಗಿಸಬೇಕು. ಅಳು ಬಂದರೆ ಬಚ್ಚಲಿಗೆ ಹೋಗಬೇಕು. ಮನಸ್ಸು ಏಕೆ ಕುಗ್ಗಿದೆ ಎಂದು ಹೇಳಹೊರಟರೆ ಗುಟ್ಟನ್ನೂ ಹೇಳಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಮನಸ್ಸನ್ನು ಕೆಡಿಸುವುದು ಆ ಒಲವನ್ನು ಹಗಲಿರುಳು ಬಚ್ಚಿಡುವ ಶ್ರಮ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇಂಥ ಪ್ರೇಮ ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು, ನಿಜ. ಆದರೆ ತೀರ್ಪಿನ ಕೈ ನಡುಮನೆಯವರೆಗೆ ಚಾಚಲಾರದು.

ಈ ಹಿನ್ನೆಲೆಯಲ್ಲಿ ಸಂಕಲನದ ಒಂದು ಮಿತಿಯೂ ಕಾಣುತ್ತದೆ. ಮೋಹನಸ್ವಾಮಿ ಕಿಲಿಮಂಜಾರೊ ಪರ್ವತವನ್ನು ಏರುವ ಕಥೆ ಸೊಗಸಾಗಿದೆ. ಓದುಗನ ಎದೆಯೂ ಹಗುರಾಗುತ್ತದೆ. ಆದರೆ ಅಲ್ಲಿ ದೊರೆಯುವ ಬಿಡುಗಡೆ ದೂರ ಹೋಗಬಲ್ಲವನದು, ಕೈತುಂಬ ಸಂಬಳವಿರುವವನದು. ಬಸ್ಸೇ ನಿಂತ ದಿನಗಳಲ್ಲಿ, ಅಪ್ಪ ಅಮ್ಮಂದಿರ ಪ್ರೀತಿಯ ನಡುವೆಯೇ ಉಸಿರು ಬಿಗಿಹಿಡಿದು ಕುಳಿತವನಿಗೆ ಆ ಶಿಖರ ಏನು ಹೇಳೀತು?

ಕನ್ನಡಕ್ಕೆ ಇದು ಹೊಸ ದಾರಿಯೇನಲ್ಲ. ಆಸ್ಪತ್ರೆಯಿಂದ ಗುಣವಾಗಿ ಮರಳಿದ ಕಾವೇರಿಯನ್ನು ಮನೆಯವರ ಸಂಶಯದ ನೋಟವೇ ಮತ್ತೆ ಕೆಡವುವುದನ್ನು ತ್ರಿವೇಣಿಯವರು ‘ಶರಪಂಜರ’ದಲ್ಲಿ ಎಂದೋ ತೋರಿಸಿದ್ದಾರೆ. ಮನೆಯ ಮಾತು ಮನಸ್ಸನ್ನು ಹೇಗೆ ಮುರಿಯುತ್ತದೆ, ಹೇಗೆ ಕಟ್ಟಬಲ್ಲುದು ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ. ಶ್ರೀ ವಸುಧೇಂದ್ರರು ತೆರೆದ ಬಾಗಿಲಿನಿಂದ ಒಳಹೊಕ್ಕು, ಆ ಕಣ್ಣಿನಿಂದ 2020ರ ನಡುಮನೆಯನ್ನು ನೋಡಿ ಬರೆಯುವ ಕಥೆಗಾರರಿಗಾಗಿ ನಾನು ಕಾದಿದ್ದೇನೆ. ಅಂಥ ಕಥೆಯನ್ನು ಮೊದಲು ಓದಬೇಕಾದವರು ತಾಯಿತಂದೆಯರು.