ಪ್ರತಿಷ್ಠೆಯೋ, ಮೀಸಲೋ?

2024ರ ಜನವರಿ 22ರಂದು ಅಯೋಧ್ಯೆಯಲ್ಲಿ, ನಮ್ಮ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರು ಕಡೆದ ಬಾಲರಾಮನಿಗೆ ಪ್ರಾಣಪ್ರತಿಷ್ಠೆಯಾಯಿತು. ಇಂಗ್ಲಿಷ್ ಪತ್ರಿಕೆಗಳು ಅದನ್ನು 'ಕಾನ್ಸಿಕ್ರೇಷನ್' ಎಂದು ಬರೆದವು. ಇದೇನೂ ಹೊಸದಲ್ಲ. 1980ರ ದಶಕದಲ್ಲಿ ಶಿಕಾಗೋ ಬಳಿಯ ಲೆಮಾಂಟ್, ಅರೋರಾಗಳಲ್ಲಿ, ಡೆಟ್ರಾಯಿಟ್ ಬಳಿಯ ಟ್ರಾಯ್‌ನಲ್ಲಿ ದೇವಸ್ಥಾನಗಳು ಎದ್ದಾಗಿನಿಂದ ನಮ್ಮವರ ಮಾತಿನಲ್ಲೂ ಆಮಂತ್ರಣ ಪತ್ರಿಕೆಗಳಲ್ಲೂ ಈ ಪದ ಸಲೀಸಾಗಿ ಓಡಾಡುತ್ತಿದೆ. ಇದು ಸರಿಯಾದ ಅನುವಾದವಲ್ಲ ಎಂಬುದು ನನ್ನ ತಕರಾರು.

ಆ ಪದದ ಮೂಲ ಲ್ಯಾಟಿನ್. ಲೌಕಿಕ ಬಳಕೆಯಿಂದ ತೆಗೆದು ದೇವರ ಪಾಲಿಗೆ ಬೇರೆಯಾಗಿ ಇಡುವುದು ಅದರ ತಿರುಳು. ನಮ್ಮ ಇಲಿನಾಯ್‌ನವರೇ ಎನ್ನಬಹುದಾದ ಲಿಂಕನ್, 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನ ಸ್ಮಶಾನದಲ್ಲಿ ನಿಂತು ಅದೇ ಪದವನ್ನು ಬಳಸಿದರು. ಈ ನೆಲವನ್ನು ಪಾವನ ಮಾಡಲು ಬದುಕಿರುವ ನಮ್ಮಿಂದ ಆಗದು, ಇಲ್ಲಿ ಹೋರಾಡಿದವರು ಆ ಕೆಲಸ ಮಾಡಿಬಿಟ್ಟಿದ್ದಾರೆ ಎಂಬುದು ಅವರ ಮಾತಿನ ಅರ್ಥ. ಅಲ್ಲಿ 'ಪ್ರತಿಷ್ಠಾಪನೆ' ಎಂದು ಹಾಕಿ ನೋಡಿ, ಹಾಸ್ಯಾಸ್ಪದವಾಗುತ್ತದೆ. 'ಪವಿತ್ರೀಕರಣ' ಎಂದರೆ ಗೋಮೂತ್ರ ಪ್ರೋಕ್ಷಣೆ ನೆನಪಾಗುತ್ತದೆ. 'ಮುಡಿಪು' ಎಂದರೆ? ಕೂಡಲೇ ಕೂರುತ್ತದೆ.

ಕನ್ನಡದಲ್ಲಿ ಈ ಕೆಲಸಕ್ಕೆ ಎರಡು ಒಳ್ಳೆಯ ಪದಗಳಿವೆ, ಮೀಸಲು ಮತ್ತು ಮುಡಿಪು. ಕರು ಹಾಕಿದ ಹಸುವಿನ ಹಾಲಿನಲ್ಲಿ ಮೊದಲು ದೇವರಿಗೆ ಮೀಸಲು ತೆಗೆಯುವುದನ್ನು ಹಳ್ಳಿಯಿಂದ ಬಂದವರು ಬಲ್ಲರು. ತಿಮ್ಮಪ್ಪನಿಗೆಂದು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ನಾಣ್ಯ ಮುಡಿಪು. ಆ ಹಾಲು ಬೇರೆ ಹಾಲಿಗಿಂತ ಶುದ್ಧವೇನಲ್ಲ, ಆ ನಾಣ್ಯವೂ ಪೇಟೆಯಲ್ಲಿ ನಡೆಯುವಂಥದೇ. ಬದಲಾದದ್ದು ಅದು ಯಾರ ಪಾಲು ಎಂಬುದು ಮಾತ್ರ. ಶುದ್ಧಿಯ ಮಾತಿಗೆ ನಮ್ಮಲ್ಲಿ 'ಮಡಿ' ಇದೆ. (ಆಪರೇಷನ್ ಥಿಯೇಟರಿನಲ್ಲಿ ಕೈ ತೊಳೆದು, ಗ್ಲೌಸ್ ತೊಟ್ಟು, ಏನನ್ನೂ ಮುಟ್ಟದೆ ನಿಲ್ಲುತ್ತೇವಲ್ಲ, ಅದು ಅಪ್ಪಟ ಮಡಿ. ಆದರೆ ಅದರಿಂದ ಥಿಯೇಟರು ಗುಡಿಯಾಗುವುದಿಲ್ಲ.) ಇಂದು 'ಮೀಸಲು' ಎಂದರೆ ಸರ್ಕಾರಿ ಕೋಟಾ ಮಾತ್ರ ನೆನಪಿಗೆ ಬರುವಂತಾಗಿರುವುದು ಪದದ ದುರದೃಷ್ಟ.

ಪ್ರತಿಷ್ಠೆಯದು ಬೇರೆಯೇ ದಾರಿ. ಅದರ ಧಾತು 'ಸ್ಥಾ', ನಿಲ್ಲುವುದು. ಅಚ್ಚಗನ್ನಡದಲ್ಲಿ ನೆಲೆಗೊಳಿಸುವುದು. ವಿಗ್ರಹಕ್ಕೆ ಪ್ರಾಣವನ್ನು ಆವಾಹಿಸಿ ಕಣ್ಣು ತೆರೆಸಿದ ಮೇಲೆ ಅಲ್ಲಿ ಒಬ್ಬರು ವಾಸವಾಗಿದ್ದಾರೆ ಎಂದೇ ಲೆಕ್ಕ. ಸ್ನಾನ, ಊಟ, ನಿದ್ರೆ ಎಲ್ಲ ನಡೆಯಬೇಕು. ಗುಡಿಯ ಜೀರ್ಣೋದ್ಧಾರ ಮಾಡುವಾಗ ಕಲಾಕರ್ಷಣೆ ಮಾಡಿ, ದೇವರ ಶಕ್ತಿಯನ್ನು ಕುಂಭದ ನೀರಿಗೆ ಇಳಿಸಿ ಬಾಲಾಲಯದಲ್ಲಿ ಇರಿಸುತ್ತಾರೆ, ಕೆಲಸ ಮುಗಿದ ಮೇಲೆ ಕುಂಭಾಭಿಷೇಕದಲ್ಲಿ ಹಿಂದಕ್ಕೆ ತರುತ್ತಾರೆ. ಇದರ ಪಕ್ಕದಲ್ಲಿ ಡೆಟ್ರಾಯಿಟ್ ಅನ್ನು ಇಟ್ಟು ನೋಡಿ. 1989ರಲ್ಲಿ ಅಲ್ಲಿನ ಕ್ಯಾಥೊಲಿಕ್ ಆಡಳಿತ ಒಮ್ಮೆಗೇ ಹಲವು ಚರ್ಚುಗಳನ್ನು ಮುಚ್ಚಿತು. ಕ್ಯಾಥೊಲಿಕ್ ನಿಯಮದಂತೆ ಅಂಥ ಕಟ್ಟಡವನ್ನು ಲೌಕಿಕ ಬಳಕೆಗೆ ಬಿಡಲು ಬಿಷಪ್ಪರ ಆಜ್ಞೆ ಬೇಕು. ಅಲ್ಲಿ ಆಗುವುದು ಮೀಸಲನ್ನು ತೆಗೆದುಹಾಕುವ ಕೆಲಸ. ನಮ್ಮಲ್ಲಿಯಾದರೋ ಒಳಗಿರುವವರನ್ನು ಮೊದಲು ಬೇರೆ ಮನೆಗೆ ಕರೆದೊಯ್ಯಬೇಕು. ಎರಡಕ್ಕೂ ಒಂದೇ ಪದ ಹೇಗೆ ಸಾಕಾದೀತು?

ಈ 'ನಿಲ್ಲುವ' ಧಾತುವಿನ ಮೇಲೆ ಶಿಕಾಗೋದಲ್ಲಿ ಕುಳಿತೇ ಬರೆದವರು ಮೈಸೂರಿನ ಎ. ಕೆ. ರಾಮಾನುಜನ್. 1973ರಲ್ಲಿ ಬಂದ ಅವರ ವಚನಾನುವಾದ 'ಸ್ಪೀಕಿಂಗ್ ಆಫ್ ಶಿವ'ದ ಮುನ್ನುಡಿ ಬಸವಣ್ಣನವರ ಸ್ಥಾವರ-ಜಂಗಮಗಳ ಚರ್ಚೆಯಿಂದಲೇ ತೊಡಗುತ್ತದೆ. ನಿಂತದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಆ ವಿಚಾರಕ್ಕೆ ಎದುರುಪಕ್ಷ ದೇವಾಲಯ. ನನಗೆ ಅನ್ನಿಸುವುದೇನೆಂದರೆ, ಪ್ರತಿಷ್ಠೆಯ ವಿಧಿಯೊಳಗೇ ಒಂದಿಷ್ಟು ಜಂಗಮ ಇದೆ. ಕುಂಭದ ನೀರಿನಲ್ಲಿ ಹೊರಡುವ ದೇವರೂ, ಚೌತಿಯಂದು ನೆಲೆನಿಂತು ಮುಳುಗಿಹೋಗುವ ಮಣ್ಣಿನ ಗಣಪನೂ ಸ್ಥಾವರವಲ್ಲ. ಕದಲದೆ ಉಳಿಯುವುದು ಗೋಡೆಯ ಮೇಲಿನ ದಾನಿಗಳ ಫಲಕ!

ಆ ಫಲಕದ ಬಳಿಯೇ ಪದದ ಎರಡನೆಯ ಅರ್ಥ ತಲೆಯೆತ್ತುತ್ತದೆ. ಪ್ರತಿಷ್ಠಿತ ಮನೆತನ, ಪ್ರತಿಷ್ಠೆಯ ಪ್ರಶ್ನೆ. ಈ ಅರ್ಥ ಸಂಸ್ಕೃತದಲ್ಲೂ ಇದ್ದದ್ದೇ, ನಾವು ಕೆಡಿಸಿದ್ದಲ್ಲ. ಆದರೆ ಮುಖ್ಯ ಕಲಶಕ್ಕೆ ಯಾರು ಎಷ್ಟು ಕೊಟ್ಟರು, ವೇದಿಕೆಯ ಮೇಲೆ ಯಾರು ಯಾರ ಪಕ್ಕ ಕುಳಿತರು ಎಂದು ಮನಸ್ತಾಪ ಮಾಡಿಕೊಂಡು ಎರಡು ಬಣಗಳಾಗುವ ನಮ್ಮ ಜನರ ನಡುವೆ ಎರಡು ಅರ್ಥಗಳನ್ನು ಬಿಡಿಸಿ ಓದುವುದು ಕಷ್ಟ. ಮೀಸಲಿಗೆ ಈ ತೊಂದರೆಯಿಲ್ಲ. ಮುಡಿಪು ಕಟ್ಟಿದವಳ ಹೆಸರು ಅರಿಶಿನದ ಬಟ್ಟೆಯ ಮೇಲೆ ಇರುವುದಿಲ್ಲ.

ಮುಂದಿನ ಆಮಂತ್ರಣದ ಕರಡು ತಿದ್ದುವವರಲ್ಲಿ ನನ್ನ ಕೋರಿಕೆ ಇಷ್ಟೆ. 'ಯೋಗ', 'ಕರ್ಮ'ಗಳನ್ನು ಅರಗಿಸಿಕೊಂಡ ಇಂಗ್ಲಿಷಿಗೆ 'ಪ್ರಾಣಪ್ರತಿಷ್ಠೆ'ಯೂ ಭಾರವಾಗದು, ಅದನ್ನು ಹಾಗೆಯೇ ಬಿಡಿ. 'ಕಾನ್ಸಿಕ್ರೇಟ್' ಎಂಬುದನ್ನು ಕನ್ನಡಕ್ಕೆ ತರುವ ಪ್ರಸಂಗ ಬಂದರೆ ನಿಘಂಟಿನ 'ಪ' ಪುಟಗಳನ್ನು ದಾಟಿ 'ಮ'ವರೆಗೆ ಹೋಗಿ.