ಮಾಸಿಕ ಅನುಪಾಲನಾ ವರದಿಗಳು: ಒಂದು ವಿಮರ್ಶೆ

ಭಾರತ ಸರಕಾರವು 2021ರ ಫೆಬ್ರುವರಿ 25ರಂದು ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳ ಮೇರೆಗೆ, 50 ಲಕ್ಷಕ್ಕೆ ಮಿಕ್ಕಿದ ಬಳಕೆದಾರರುಳ್ಳ ಸಾಮಾಜಿಕ ಜಾಲತಾಣಗಳು ತಮಗೆ ಬಂದ ದೂರುಗಳನ್ನೂ ಅವುಗಳ ಮೇಲೆ ಕೈಕೊಂಡ ಕ್ರಮವನ್ನೂ ತಿಂಗಳಿಗೊಮ್ಮೆ ಪ್ರಕಟಿಸತಕ್ಕದ್ದು. ಈ ವರದಿಗಳನ್ನು ಇತಿಹಾಸದ ಆಕರಗಳೆಂದು ಬಗೆದು ಓದಿದರೆ ಏನು ತಿಳಿದುಬರುವುದೆಂಬುದು ಇಲ್ಲಿ ನಮ್ಮ ವಿಚಾರ.

ವಾಟ್ಸ್ಆ್ಯಪ್ ಸಂಸ್ಥೆಯ ಮೊದಲ ವರದಿಯನ್ನೇ ನೋಡೋಣ. 2021ರ ಮೇ 15ರಿಂದ ಜೂನ್ 15ರ ವರೆಗೆ 20 ಲಕ್ಷಕ್ಕೂ ಹೆಚ್ಚು ಭಾರತೀಯ ಖಾತೆಗಳನ್ನು ರದ್ದುಗೊಳಿಸಿದುದಾಗಿ ಅದು ತಿಳಿಸುತ್ತದೆ. ಅದೇ ಅವಧಿಯಲ್ಲಿ ಜನರಿಂದ ಬಂದ ದೂರುಗಳು 345 ಮಾತ್ರ. ರದ್ದಾದ ಖಾತೆಗಳಲ್ಲಿ ಬಹುಪಾಲು, ಒಮ್ಮೆಲೇ ರಾಶಿ ಸಂದೇಶ ಕಳುಹಿಸುತ್ತಿದ್ದುದರಿಂದ ಯಂತ್ರದ ಕಣ್ಣಿಗೆ ಬಿದ್ದಂಥವು; ಜನರ ಅಹವಾಲಿಗೂ ಅವಕ್ಕೂ ಸಂಬಂಧ ಅತ್ಯಲ್ಪ. ದೊಡ್ಡ ಅಂಕಿಯನ್ನು ಕಂಡು ಪಾಲನೆಯೂ ದೊಡ್ಡದೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಮೇಲಾಗಿ, ಭಾರತೀಯ ಖಾತೆಯೆಂದರೆ +91ರಿಂದ ಆರಂಭವಾಗುವ ದೂರವಾಣಿ ಸಂಖ್ಯೆ. ಅದರಾಚೆಗೆ ರಾಜ್ಯವಿಲ್ಲ, ಜಿಲ್ಲೆಯಿಲ್ಲ, ಭಾಷೆಯೂ ಇಲ್ಲ.

ಭಾಷೆಯ ಪ್ರಶ್ನೆ ಕ್ಷುಲ್ಲಕವಾದುದಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದರೆಂಬ ವಾಟ್ಸ್ಆ್ಯಪ್ ವದಂತಿಯನ್ನು ನಂಬಿದ ಗುಂಪು ಪರಸ್ಥಳದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಅಂಥ ವದಂತಿ ಹಬ್ಬುವುದಾದರೆ ಅದು ಈ ಸೀಮೆಯ ಆಡುಗನ್ನಡದಲ್ಲಿಯೇ ಹಬ್ಬೀತು. ಅದರ ಮೇಲೆ ದೂರು ಹೋದರೆ ಓದಿ ತಿಳಿಯಬಲ್ಲವರು ಸಂಸ್ಥೆಯಲ್ಲಿ ಎಷ್ಟು ಜನ? ಕನ್ನಡದ ದೂರುಗಳು ಎಷ್ಟು ಬಂದವು, ಎಷ್ಟು ದಿನಗಳಲ್ಲಿ ತೀರಿದವು? ನಿಯಮವು ಇದನ್ನು ಕೇಳಿಲ್ಲ, ವರದಿಯೂ ಹೇಳಿಲ್ಲ. ಸೋಜಿಗವೆಂದರೆ, 2022ರ ಅಕ್ಟೋಬರ ತಿಂಗಳ ತಿದ್ದುಪಡಿಯು ಬಳಕೆಯ ಕಟ್ಟಳೆಗಳನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಬಳಕೆದಾರನು ಬಯಸಿದುದರಲ್ಲಿ ಒದಗಿಸಬೇಕೆಂದು ವಿಧಿಸಿತು. ಕಟ್ಟಳೆ ಕನ್ನಡದಲ್ಲಿ ದೊರೆಯಬೇಕು, ಕನ್ನಡದ ದೂರಿನ ಲೆಕ್ಕ ಮಾತ್ರ ಬೇಡ!

ಪರಕೀಯರ ಆಡಳಿತದ ದಫ್ತರಗಳನ್ನು ನಾವು ಹೊಗಳುವವರಲ್ಲ; ಅವು ಕಂದಾಯದ ಹಿತಕ್ಕಾಗಿ ಹುಟ್ಟಿದವು. ಆದರೂ 1884ರ ಮುಂಬಯಿ ಗ್ಯಾಝೆಟಿಯರಿನ ವಿಜಾಪುರ ಸಂಪುಟದಲ್ಲಿ ಈ ನಾಲ್ಕೂ ತಾಲೂಕುಗಳ ವಿವರ ಬೇರೆಬೇರೆಯಾಗಿ ಬಂದಿದೆ. ಇಂದು ತಾಲೂಕುವಾರು ಲೆಕ್ಕವನ್ನು ಕೇಳುವುದು ಯುಕ್ತವಲ್ಲ. ಅದಕ್ಕಾಗಿ ದೂರುದಾರರ ವಾಸಸ್ಥಳವನ್ನು ಸಂಗ್ರಹಿಸಬೇಕಾದೀತು, ಅದರಿಂದ ಬೇರೆ ಅಪಾಯವುಂಟು. ದೂರಿನ ಭಾಷೆಯಾದರೋ ದೂರಿನಲ್ಲಿಯೇ ಇರುತ್ತದೆ. ವರದಿಯ ಪಟ್ಟಿಗೆ ಭಾಷೆಯದೊಂದು, ತೀರ್ಮಾನಕ್ಕೆ ಹಿಡಿದ ದಿನಗಳದೊಂದು, ಹೀಗೆ ಎರಡು ಅಂಕಣಗಳನ್ನು ಕೂಡಿಸಲು ನಿಯಮದಲ್ಲಿ ಒಂದು ವಾಕ್ಯದ ತಿದ್ದುಪಡಿ ಸಾಕು.